ಪಟೇಲರ ಮನೆಯ ಬಡ ವಿದ್ಯಾರ್ಥಿನಿ

ನರಿಕೊಂಬಿನ ಪಟೇಲ ಧರ್ಣಪ್ಪ ಆಳ್ವರು ವಿದ್ಯೆಯ ಮಹತ್ವದ ಮೇಲೆ ಭಾಷಣ ಮಾಡಿದರೆ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಅವರ ತಂಗಿಯ ಮಗಳು ಕಾಂತಿಯ ಕಣ್ಣೂ ಒದ್ದೆಯಾದದ್ದುಂಟು, ಆದರೆ ಅದು ಎಂಟನೆಯ ಕ್ಲಾಸಿನವರೆಗೆ ಮಾತ್ರ. ಆಮೇಲೆ ಆ ಭಾಷಣ ಅವಳಿಗೆ ಬಾಯಿಪಾಠವಾಗಿಬಿಟ್ಟಿತು. ಮಾವ ಎಲ್ಲಿ ಕೈ ಎತ್ತುತ್ತಾರೆ, ಎಲ್ಲಿ ಗಂಟಲು ಕಟ್ಟಿದವರಂತೆ ನಿಲ್ಲುತ್ತಾರೆ, ಯಾವ ಮಾತಿಗೆ ಶಾಲಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾರೆ ಎಂಬುದೆಲ್ಲ ಅವಳಿಗೆ ಮೊದಲೇ ಗೊತ್ತಿರುತ್ತಿತ್ತು.

ಮೂಡಬಿದ್ರಿಯಲ್ಲಿ ‘ಬಡ ವಿದ್ಯಾರ್ಥಿ ಸಹಾಯಕ ನಿಧಿ’ ಎಂದೊಂದಿತ್ತು. ಆಳ್ವರು ಏಳು ವರ್ಷದಿಂದ ಅದರ ಅಧ್ಯಕ್ಷರು. ಆ ಏಳು ವರ್ಷಗಳಲ್ಲಿ ನಿಧಿಯಿಂದ ಮೂವರು ವಿದ್ಯಾರ್ಥಿಗಳಿಗೆ ಸಹಾಯವಾಗಿತ್ತು. ವಾರ್ಷಿಕೋತ್ಸವ ಮಾತ್ರ ಹನ್ನೊಂದು ಸಲ ನಡೆದಿತ್ತು.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಕಾಂತಿ ಎಸ್ಸೆಸ್ಸೆಲ್ಸಿ ಪಾಸಾದಳು. ಬಂಟ್ವಾಳದ ಹೈಸ್ಕೂಲಿಗೇ ಎರಡನೆಯವಳು, ಗಣಿತದಲ್ಲಿ ತೊಂಬತ್ತಾರು. ಮನೋರಮಾ ಟೀಚರ್ ಮಂಗಳೂರಿನ ಕಾಲೇಜಿನ ಅರ್ಜಿ ಫಾರಮನ್ನು ತಾವೇ ತರಿಸಿಕೊಟ್ಟು, “ಸೈನ್ಸೇ ತೆಗೆದುಕೊಳ್ಬೇಕು ನೀನು. ಬೇರೆ ಎಂತದೂ ಬೇಡ” ಎಂದಿದ್ದರು.

ಅರ್ಜಿಗೆ ಪಾಲಕರ ಸಹಿ ಬೇಕಿತ್ತು. ಅವರದು ಅಳಿಯಸಂತಾನದ ಮನೆ. ಅಂದರೆ ಆಸ್ತಿ ಬರುವುದು ಹೆಣ್ಣಿನ ಕಡೆಯಿಂದ, ಅದರ ಯಜಮಾನಿಕೆ ಮಾತ್ರ ಹೆಣ್ಣಿನ ಅಣ್ಣನಿಗೆ. ಮನೆಯೂ ಗದ್ದೆಯೂ ಕಾಂತಿಯ ಅಮ್ಮ ಸುಂದರಿಯಮ್ಮನ ಕುಟುಂಬದ್ದು. ಬೀಗದ ಕೈ ಮಾವನ ಸೊಂಟದಲ್ಲಿ. ಅಪ್ಪ ಶೇಖರ ಶೆಟ್ಟರು ಅಳದಂಗಡಿಯಲ್ಲಿ ತಮ್ಮ ತಾಯಿಯ ಮನೆಯಲ್ಲಿ, ತಮ್ಮ ಸೋದರಮಾವನ ಕೈಕೆಳಗೆ ಇದ್ದರು. ತಿಂಗಳಿಗೊಮ್ಮೆ ಒಂದು ಬಾಳೆಗೊನೆ ಹಿಡಿದುಕೊಂಡು ಬಂದು, ಎರಡು ದಿನ ಇದ್ದು, ಯಾರಿಗೂ ತೊಂದರೆಯಾಗದಂತೆ ಹೋಗುತ್ತಿದ್ದರು.

ಮಾವ ಸಹಿಗೆ ಪಂಚಾಂಗ ನೋಡಿದರು. ಹದಿನೈದು ದಿನ ಒಳ್ಳೆಯ ದಿನವೇ ಸಿಗಲಿಲ್ಲ. ಸಿಕ್ಕಿದ ದಿನ ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಕೊನೆಗೂ ಅರ್ಜಿ ಹೋಯಿತು, ಕಾಲೇಜಿನಿಂದ ಉತ್ತರವೂ ಬಂತು: ವಿಜ್ಞಾನ ವಿಭಾಗದಲ್ಲಿ ಹೆಣ್ಣುಮಕ್ಕಳ ಸೀಟುಗಳು ತುಂಬಿವೆ, ಕಾಯುವವರ ಪಟ್ಟಿಯಲ್ಲಿ ನೀವು ನಾಲ್ಕನೆಯವರು.

“ಸೀಟು ಸಿಕ್ಕಿದರೂ ಫೀಸಿಗೆ ಎಂತ ಮಾಡ್ತೀ?” ಎಂದು ಟೀಚರ್ ಕೇಳಿದರು. “ನಿನ್ನ ಮಾವನದೇ ಒಂದು ನಿಧಿ ಉಂಟಲ್ಲ. ಅದಕ್ಕೊಂದು ಅರ್ಜಿ ಹಾಕು.”

ನಿಧಿಯ ಫಾರಮಿನಲ್ಲಿ ಮನೆಯ ಆದಾಯದ ಸರ್ಟಿಫಿಕೇಟು ಲಗತ್ತಿಸಬೇಕೆಂದಿತ್ತು. ಅಪ್ಪ ಬೆಳ್ತಂಗಡಿಯ ಕಚೇರಿಗೆ ಎರಡು ಸಲ ಹೋಗಿ ತಮ್ಮದನ್ನು ತಂದರು. ‘ಸದರಿ ಶೇಖರ ಶೆಟ್ಟಿಯ ಹೆಸರಿನಲ್ಲಿ ಸ್ಥಿರಾಸ್ತಿ ಶೂನ್ಯ, ಆದಾಯ ಶೂನ್ಯ.’ ಸರಕಾರದ ಮೊಹರು ಬಿದ್ದು ಅಪ್ಪನ ಹೆಸರಿಗೆ ಬಂದ ಮೊದಲ ಕಾಗದ ಅದು. ಮಡಚಿದರೆ ಹಾಳಾದೀತೆಂದು ಅವರು ಅದನ್ನು ಎರಡು ರಟ್ಟಿನ ನಡುವೆ ಇಟ್ಟು ತಂದಿದ್ದರು.

ಕಾಂತಿಗೆ ಅಪ್ಪನನ್ನು ನೋಡಿ ನಗು ಬಂತು, ಆದರೂ ನಗದೆ ಆ ರಟ್ಟುಗಳಿಗೆ ಒಂದು ದಾರ ಸುತ್ತಿದಳು.

ಇನ್ನು ಉಳಿದದ್ದು ಅವಳು ವಾಸವಿರುವ ಮನೆಯ ಆದಾಯ. ಅದಕ್ಕೆ ಅಪ್ಪ ಮಗಳು ಇಬ್ಬರೂ ಪಾಣೆಮಂಗಳೂರಿನ ಸೇತುವೆ ದಾಟಿ ಬಂಟ್ವಾಳದ ತಾಲೂಕು ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಶಿವಸುಬ್ರಹ್ಮಣ್ಯ ಸಜ್ಜನ. ಫಾರಮನ್ನು ಪೂರ್ತಿ ಓದಿ ನೋಡುವ ಕೆಟ್ಟ ಚಟ ಇದ್ದವನು.

“ನಿನ್ನ ಅಪ್ಪನ ಆದಾಯ?”

“ಇಲ್ಲ ಸರ್.” ಅಪ್ಪ ಪಕ್ಕದಿಂದ ರಟ್ಟು ಬಿಚ್ಚಿ ತೋರಿಸಿದರು.

“ಅಮ್ಮನದು?”

“ಆಸ್ತಿ ಉಂಟು, ಆದಾಯ ಇಲ್ಲ.”

“ಅದು ಹೇಗೆ?”

“ಆದಾಯ ಮಾವನ ಕೈಗೆ ಬರೋದು.”

“ಹಾಗಾದ್ರೆ ಮಾವನ ಆದಾಯ ಬರೆಯುವ.”

“ಮಾವನ ಹತ್ರ ಕೇಳಿದ್ರೆ ಅವರು, ಆಸ್ತಿ ಕುಟುಂಬದ್ದು, ನಂದೂಂತ ಎಂತದೂ ಇಲ್ಲ ಅಂತಾರೆ.”

ಶಿವಸುಬ್ರಹ್ಮಣ್ಯ ಪೆನ್ನು ಕೆಳಗಿಟ್ಟ. “ಅಂದ್ರೆ ನಿಮ್ಮ ಮನೆಗೆ ವರ್ಷಕ್ಕೆ ನೂರಾರು ಮುಡಿ ಅಕ್ಕಿ ಬರ್ತದೆ. ಆದ್ರೆ ಅದು ಯಾರಿಗೂ ಬರೋದಿಲ್ಲ.”

“ಹೌದು ಸರ್.”

“ಹೀಗಾದ್ರೆ ನಾನು ಎಂತ ಬರೀಲಿ ಮಾರಾಯ್ತಿ? ಆಸ್ತಿ ಪಾಲಾದರೆ ಯಾರಿಗೆ ಎಷ್ಟೂಂತ ಹೇಳ್ಲಿಕ್ಕಾಗ್ತದೆ. ಪಾಲು ಕೇಳಬಹುದೂಂತ ಕಾನೂನು ಬಂದು ಹತ್ತು ವರ್ಷ ಆಯ್ತು. ನಿನ್ನ ಅಮ್ಮ ಕೇಳಿದರೆ ಕೊಡಲೇಬೇಕು. ಅದಿರಲಿ, ಈಗ ಒಂದು ಕೆಲಸ ಮಾಡು. ಈ ಮನೆ ಕಷ್ಟದಲ್ಲಿ ಉಂಟೂಂತ ನಿಮ್ಮೂರ ಪಟೇಲರಿಂದ ಎರಡು ಸಾಲು ಬರೆಸಿಕೊಂಡು ಬಾ, ನಾನು ಮೊಹರು ಹೊಡೀತೇನೆ.”

“ಪಟೇಲರು ಅಂದ್ರೆ ಮಾವನೇ ಸರ್” ಎಂದಳು ಕಾಂತಿ.

ಶಿವಸುಬ್ರಹ್ಮಣ್ಯ ಫಾರಮನ್ನು ಅವಳ ಕಡೆಗೆ ತಳ್ಳಿ, “ನಾನು ಕಾಫಿ ಕುಡಿದು ಬರ್ತೇನೆ” ಎಂದು ಎದ್ದು ಹೋದವನು ಮಧ್ಯಾಹ್ನದವರೆಗೂ ಬರಲಿಲ್ಲ.

ಮನೆಗೆ ಬಂದು ಕಾಂತಿ ಇದನ್ನೆಲ್ಲ ಅಮ್ಮನಿಗೆ ಹೇಳಿದಳು. ಸುಂದರಿಯಮ್ಮ ಅಕ್ಕಿ ಗೇರುತ್ತಾ ಎಲ್ಲವನ್ನೂ ಕೇಳಿದರು. ಕೇಳಿ, “ಪಾಲಿನ ಸುದ್ದಿ ಇನ್ನೊಮ್ಮೆ ಹೇಳು” ಎಂದರು. ಮಗಳು ಇನ್ನೊಮ್ಮೆ ಹೇಳಿದಳು. ಅಮ್ಮ ಗೆರಸೆಯ ಕಲ್ಲು ಆರಿಸತೊಡಗಿದರು.

ಪಟೇಲಿಕೆಯ ಕೆಲಸಕ್ಕೆ ಬಂದವರು ಚಾವಡಿಗೆ ಏರುವಂತಿರಲಿಲ್ಲ, ಅಂಗಳದಲ್ಲೇ ನಿಲ್ಲಬೇಕು. ಮರುದಿನ ಬೆಳಿಗ್ಗೆ ಕಾಂತಿ ಅಡುಗೆಮನೆಯ ಹಿಂಬಾಗಿಲಿನಿಂದ ಹೊರಬಂದು, ಮನೆಗೆ ಒಂದು ಸುತ್ತು ಹಾಕಿ, ಅಂಗಳದಲ್ಲಿ ಮೂವರು ಒಕ್ಕಲುಗಳ ಹಿಂದೆ ಸಾಲಿನಲ್ಲಿ ನಿಂತಳು.

“ನಿನ್ನದೆಂತ?” ಎಂದರು ಮಾವ.

ಅವಳು ಕಾಗದ ಚಾಚಿದಳು. ಓದುತ್ತ ಓದುತ್ತ ಅವರ ಮುಖ ಕೆಂಪಾಯಿತು.

“ನನ್ನ ಮನೆಯ ಮಗು ಬಡವಳೂಂತ ನಾನೇ ಸಹಿ ಹಾಕುದಾ? ಈ ಮನೆತನದ ಮರ್ಯಾದೆ ಎಂತ ಆಗ್ತದೆ? ನಾಳೆ ನಾನು ನಾಲ್ಕು ಜನರ ಮಧ್ಯೆ ಕೂರುವುದು ಬೇಡವಾ?”

“ಹಾಗಾದ್ರೆ ಫೀಸು ಕೊಡಿ ಮಾವ.”

“ಫೀಸು! ಈ ವರ್ಷ ಬೆಳೆ ಎಲ್ಲಿ ಉಂಟು? ಗೇಣಿ ಯಾರು ಕೊಟ್ಟಿದ್ದಾರೆ? ನಾವು ಎಷ್ಟು ಕಷ್ಟದಲ್ಲಿದ್ದೇವೇಂತ ನಿನಗೆ ಗೊತ್ತುಂಟಾ?”

“ಅದನ್ನೇ ಇದರಲ್ಲಿ ಬರೆದು ಕೊಡಿ.”

ಒಕ್ಕಲುಗಳಲ್ಲಿ ಒಬ್ಬ ಕೆಮ್ಮಿದ. ಹುಡುಗಿಯರಿಗೆ ಬಾಯಿ ಹೆಚ್ಚಾದರೆ ಮುಂದೆ ಏನೇನಾಗುತ್ತದೆ ಎಂದು ಮಾವ ಅರ್ಧ ಗಂಟೆ ವಿವರಿಸಿದರು. ಸಹಿ ಹಾಕಲಿಲ್ಲ.

ಕಾಂತಿ ಅಪ್ಪನ ಸರ್ಟಿಫಿಕೇಟು ಒಂದನ್ನೇ ಲಗತ್ತಿಸಿ ಅರ್ಜಿ ಕಳಿಸಿದಳು. ಆದರೂ ನಿಧಿಯಿಂದ ಸಂದರ್ಶನದ ಕಾರ್ಡು ಬಂತು. ಕೆಳಗೆ ಅಧ್ಯಕ್ಷರ ರಬ್ಬರ್ ಮೊಹರಿನ ಸಹಿ ಇತ್ತು. ಅದನ್ನು ಒತ್ತುವುದು ಕಾರ್ಯದರ್ಶಿ ವೆಂಕಟೇಶ್ವರ ರಾಯರು, ಹಾಗಾಗಿ ಪಂಚಾಂಗ ನೋಡುವ ಪ್ರಶ್ನೆ ಬಂದಿರಲಿಲ್ಲ.

ಸಂದರ್ಶನದ ದಿನ ಅಪ್ಪ ಮಗಳು ಮೂಡಬಿದ್ರಿಯ ಬಸ್ಸು ಹತ್ತಿದಾಗ ಮಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಜರಿಯ ಶಾಲು, ಕಪ್ಪು ಕೋಟು. ಅವರು ಒಮ್ಮೆ ತಿರುಗಿ ನೋಡಿ, ಮತ್ತೆ ತಿರುಗಲಿಲ್ಲ. ಅಧ್ಯಕ್ಷರಾದವರು ಸಂದರ್ಶನಕ್ಕೆ ಮೊದಲು ಅಭ್ಯರ್ಥಿಗಳ ಜೊತೆ ಮಾತಾಡುವುದು ನಿಯಮಕ್ಕೆ ವಿರುದ್ಧ ಎಂದು ಅಪ್ಪ ಪಿಸುಗುಟ್ಟಿದರು. ಗೊತ್ತಿದ್ದು ಹೇಳಿದರೋ, ಮಗಳ ಮನಸ್ಸು ನೋಯಬಾರದೆಂದು ಹೇಳಿದರೋ, ಕಾಂತಿ ಕೇಳಲು ಹೋಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಳು.

ಸಭಾಂಗಣದಲ್ಲಿ ಉದ್ದನೆಯ ಮೇಜು. ಅದರ ಹಿಂದೆ ಮಾವ, ಅವರ ಎಡಗಡೆ ರಾಯರು, ಬಲಗಡೆ ತೋಡಾರಿನ ಮರದ ವ್ಯಾಪಾರಿ ಇಬ್ರಾಹಿಂ ಖಲೀಲ್ ಸಾಹೇಬರು. ನಿಧಿಯಲ್ಲಿ ಇದ್ದ ದುಡ್ಡಿನ ಬಹುಪಾಲು ಸಾಹೇಬರೇ ಕೊಟ್ಟದ್ದು. ಇತರ ಅಭ್ಯರ್ಥಿಗಳೂ ಅವರ ಮನೆಯವರೂ ಗೋಡೆಯ ಬದಿಯ ಬೆಂಚುಗಳಲ್ಲಿ ಕೂತಿದ್ದರು.

ಮಾವ ಕನ್ನಡಕ ಸರಿಪಡಿಸಿಕೊಂಡು ಅವಳನ್ನು ಮೊದಲ ಸಲ ಕಂಡವರಂತೆ ನೋಡಿದರು.

“ತಮ್ಮ ಹೆಸರೇನು?”

ಮನೆಯಲ್ಲಿ ಅವರು ಆಡುವುದು ತುಳು, ಅದೂ ಹೆಚ್ಚಾಗಿ ಬೈಯುವುದಕ್ಕೆ. ಹುಟ್ಟಿದಂದಿನಿಂದ ಮಾವ ಅವಳಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

“ಕಾಂತಿ.”

“ಯಾವ ಗ್ರಾಮ?”

“ನರಿಕೊಂಬು.”

“ಸಂತೋಷ. ವಿದ್ಯಾಭ್ಯಾಸದಿಂದ ಸ್ತ್ರೀಯರಿಗೆ ಆಗುವ ಪ್ರಯೋಜನಗಳು ಯಾವುವು?”

ಕಾಂತಿ ಅವರದೇ ಭಾಷಣದ ಎರಡನೆಯ ಭಾಗವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅಧ್ಯಕ್ಷರು ತಲೆದೂಗಿದರು. ರಾಯರು ‘ಉತ್ತಮ’ ಎಂದು ಬರೆದುಕೊಂಡರು.

ಖಲೀಲ್ ಸಾಹೇಬರು ಅರ್ಜಿಯನ್ನು ತಿರುವಿ ನೋಡುತ್ತಿದ್ದರು. “ಮಗಳೇ, ಅಪ್ಪಂದು ಶೂನ್ಯ ಅಂತ ಉಂಟು. ನಿನ್ನನ್ನು ಸಾಕೋದು ಯಾರು? ಪಾಲಕರ ಹೆಸರು ಬರೆದಿಲ್ಲವಲ್ಲ?”

“ಬರೆದರೆ ಅವರಿಗೆ ಬೇಜಾರಾಗ್ತದೇಂತ ಬಿಟ್ಟೆ.”

“ಯಾರವರು?”

ಕಾಂತಿ ಮೇಜಿನ ನಡುವಿನ ಕುರ್ಚಿಯನ್ನು ತೋರಿಸಿದಳು. “ಇವರೇ. ನನ್ನ ಮಾವ.”

ರಾಯರ ಪೆನ್ನು ನಿಂತಿತು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಸಾಹೇಬರು ಕುರ್ಚಿಯಲ್ಲೇ ಪೂರ್ತಿ ತಿರುಗಿ, “ಎಂತದು ಪಟೇಲ್ರೇ, ನಿಮ್ಮ ಮನೆಯ ಮಗುವಾ?” ಎಂದರು.

ಬೇರೆ ಯಾರಾಗಿದ್ದರೂ ಅಲ್ಲಿಯೇ ಕುಸಿದುಬಿಡುತ್ತಿದ್ದರು. ಆಳ್ವರು ಎದ್ದು ನಿಂತರು. ಶಾಲು ಸರಿಮಾಡಿಕೊಂಡರು.

“ಮಹನೀಯರೇ, ಇದು ನನ್ನ ಪರೀಕ್ಷೆ. ಬಡ ಮಕ್ಕಳಿಗೆಂದು ಇಟ್ಟ ಹಣದಲ್ಲಿ ಒಂದು ಕಾಸೂ ಅಧ್ಯಕ್ಷನ ಮನೆಗೆ ಹೋಗಬಾರದು. ಈ ಹುಡುಗಿಯ ಅರ್ಜಿಯನ್ನು ನಾನು ತಿರಸ್ಕರಿಸುತ್ತೇನೆ. ಇವಳನ್ನು ನನ್ನ ಸ್ವಂತ ಖರ್ಚಿನಿಂದ ಓದಿಸುತ್ತೇನೆ!” ಇಲ್ಲಿ ಅವರ ಗಂಟಲು ಕಟ್ಟಿತು. ಈ ಸಲ ಅದು ನಿಜವಾಗಿಯೂ ಕಟ್ಟಿತ್ತು ಎಂದು ಕಾಂತಿಗೆ ಅನಿಸಿತು.

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಪ್ಪ. ಅಧ್ಯಕ್ಷರ ತ್ಯಾಗಕ್ಕೆ ಅಭಿನಂದನೆ ಸಲ್ಲಿಸುವ ಠರಾವು ಪಾಸಾಯಿತು, ಎಲ್ಲಿಂದಲೋ ಒಂದು ಹಾರವೂ ಬಂತು. ಈ ಸಂಭ್ರಮದಲ್ಲಿ ಉಳಿದ ಅಭ್ಯರ್ಥಿಗಳ ಸಂದರ್ಶನ ಮುಂದಿನ ತಿಂಗಳಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಅಪ್ಪನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಕಾಂತಿ ನಂಬಿದಳು. ಅಷ್ಟು ಜನರ ಎದುರು ಹೇಳಿದ ಮಾತು, ಬರವಣಿಗೆಯಲ್ಲೂ ಇತ್ತು. ಮೂರೇ ದಿನಕ್ಕೆ ಕಾಲೇಜಿನಿಂದ ಇನ್ನೊಂದು ಕಾರ್ಡು ಬಂದಾಗಲಂತೂ ಅವಳು ಅಂಗಳದಲ್ಲಿ ಓಡಿದಳು. ವಿಜ್ಞಾನದಲ್ಲಿ ಒಂದು ಸೀಟು ತೆರವಾಗಿತ್ತು. ಹತ್ತನೆಯ ತಾರೀಕಿನೊಳಗೆ ಫೀಸು ಕಟ್ಟಿದರೆ ಅದು ಅವಳದು.

“ನೋಡುವ” ಎಂದರು ಮಾವ.

ಸೋಮವಾರ ಅವರಿಗೆ ಹುಷಾರಿರಲಿಲ್ಲ. ಮಂಗಳವಾರ ದುಡ್ಡು ಹೊರಗೆ ಹೋಗಬಾರದು. ಬುಧವಾರ ಅವರು ಒಂದು ಶಾಲೆಯಲ್ಲಿ ವಿದ್ಯೆಯ ಮೇಲೆ ಭಾಷಣ ಮಾಡಲು ಹೋಗಿದ್ದರು. ಹತ್ತನೆಯ ತಾರೀಕು ಬಂತು, ಹೋಯಿತು. ಹನ್ನೆರಡಕ್ಕೆ ಮೂರನೆಯ ಕಾರ್ಡು: ಸದರಿ ಸೀಟನ್ನು ಬೇರೊಬ್ಬರಿಗೆ ಕೊಡಲಾಗಿದೆ. ಕಲಾ ವಿಭಾಗದಲ್ಲಿ ಒಂದು ಸೀಟು ಇದೆ, ಹದಿನೈದರವರೆಗೆ.

ಕಾಂತಿ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದಾಗ ಅಮ್ಮ ಅಲ್ಲೇ ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂಬಾಗಿಲಿನಿಂದ ಹೊರಟು, ಮನೆಗೆ ಸುತ್ತು ಹಾಕಿ, ಅಂಗಳಕ್ಕೆ ನಡೆದರು. ಅಂದು ಅಲ್ಲಿ ಏಳೆಂಟು ಜನರಿದ್ದರು.

“ಸುಂದರೀ, ಒಳಗೆ ಹೋಗು. ಜನ ಇದ್ದಾರೆ” ಎಂದರು ಆಳ್ವರು.

“ನಾನೂ ಕೆಲಸಕ್ಕೇ ಬಂದದ್ದು ಅಣ್ಣ. ನನಗೂ ನನ್ನ ಮಗಳಿಗೂ ಪಾಲು ಬೇಕು.”

ಆ ಮನೆಯಲ್ಲಿ ಸುಂದರಿಯಮ್ಮ ಒಟ್ಟಿಗೆ ಅಷ್ಟು ಮಾತು ಆಡಿದ್ದನ್ನು ಕೇಳಿದವರು ಯಾರೂ ಇರಲಿಲ್ಲ.

“ಪಾಲು? ಯಾರು ನಿನಗೆ ಇದನ್ನೆಲ್ಲ ಹೇಳಿಕೊಟ್ಟದ್ದು?”

“ಕಾನೂನು ಉಂಟಂತೆ. ತಾಲೂಕು ಕಚೇರಿಯಲ್ಲೇ ಹೇಳಿದ್ದು. ಪಾಲಾದ್ರೆ ಯಾರು ಬಡವರು, ಯಾರು ಅಲ್ಲ, ಎಲ್ಲ ಸರಿಯಾಗಿ ಗೊತ್ತಾಗ್ತದಂತೆ.” ಸುಂದರಿಯಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡರು. “ಮೂಡಬಿದ್ರಿಯಲ್ಲಿ ನೀವು ಕೊಟ್ಟ ಮಾತು ನಡೆದ್ರೆ ನನಗೇನೂ ಅವಸರ ಇಲ್ಲ.”

ಊಟಕ್ಕೆ ಎಲೆ ಹಾಕುವ ಮೊದಲೇ ಮಾವನ ಕೋಣೆಯಲ್ಲಿ ಪೆಟ್ಟಿಗೆಯ ಬೀಗ ತೆರೆದ ಸದ್ದು ಕೇಳಿಸಿತು. ಅದು ಮಂಗಳವಾರವೋ ಶುಕ್ರವಾರವೋ ಎಂದು ಯಾರೂ ಪಂಚಾಂಗ ನೋಡಲಿಲ್ಲ.

ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದವರೂ ಮಾವನೇ. ಹೆಣ್ಣುಮಗುವನ್ನು ತಾನು ಕಾಲೇಜಿಗೆ ಸೇರಿಸುತ್ತಿರುವ ಸಂಗತಿಯನ್ನು ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದರು, ಪಕ್ಕದವರಿಗೆ ಹೇಳಿದರು, ಕಾಲೇಜಿನ ಗೇಟಿನಲ್ಲಿ ಕಡಲೆ ಮಾರುವವನಿಗೂ ಹೇಳಿದರು. ಒಳಗೆ ಗುಮಾಸ್ತರು ಕಣ್ಣೆತ್ತದೆ, “ಚರಿತ್ರೆ, ಅರ್ಥಶಾಸ್ತ್ರ, ತರ್ಕಶಾಸ್ತ್ರ. ಬೇಕಾದ್ರೆ ಸೇರಿ” ಎಂದರು.

ಗಣಿತದ ತೊಂಬತ್ತಾರು ಇದ್ದ ಅಂಕಪಟ್ಟಿ ಅವಳ ಕೈಯಲ್ಲೇ ಇತ್ತು. ಕಾಂತಿ ಅದನ್ನು ಮಡಚಿ, ತೋರಿಸಿದಲ್ಲಿ ಸಹಿ ಹಾಕಿದಳು.

“ಒಳ್ಳೆದೇ ಆಯ್ತು. ಸೈನ್ಸಾದ್ರೆ ಕಪ್ಪೆ ಕೊಯ್ಯಬೇಕಂತೆ. ನಮ್ಮ ಮನೆತನಕ್ಕೆ ಹೇಳಿದ್ದಲ್ಲ ಅದು” ಎಂದರು ಮಾವ.

ಮರುವಾರ ತರ್ಕಶಾಸ್ತ್ರದ ಮೊದಲ ಕ್ಲಾಸು. ಅಧ್ಯಾಪಕರು ತೆಳ್ಳಗಿನ, ಸುಸ್ತಾದಂತೆ ಕಾಣುವ ಮನುಷ್ಯ. ಇಷ್ಟೊಂದು ವಿಷಯಗಳಿರುವಾಗ ತರ್ಕಶಾಸ್ತ್ರವನ್ನೇ ಏಕೆ ಆರಿಸಿಕೊಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಬುದ್ಧಿ ಹರಿತವಾಗಲು ಎಂದನೊಬ್ಬ. ಮುಂದೆ ವಕೀಲನಾಗಲು ಎಂದ ಇನ್ನೊಬ್ಬ. ಸತ್ಯವನ್ನು ಅರಿಯಲು ಎಂದ ಮೂರನೆಯವನು. ಹುಡುಗಿಯರ ಬೆಂಚಿನ ಸರದಿ ಬಂತು. ಕಾಂತಿ ಎದ್ದು ನಿಂತಳು.

“ಬೇರೆ ಸೀಟು ಇರ್ಲಿಲ್ಲ ಸರ್.”

ಬುದ್ಧಿ ಹರಿತ ಮಾಡಿಕೊಳ್ಳಲು ಬಂದವನೂ, ಸತ್ಯ ಅರಿಯಲು ಬಂದವನೂ ಸೇರಿ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅಧ್ಯಾಪಕರ ಮುಖದಲ್ಲೂ ನಿಧಾನಕ್ಕೆ ನಗು ಮೂಡಿತು.

“ನನಗೂ ಇರಲಿಲ್ಲ. ಕೂತುಕೊಳ್ಳಿ” ಎಂದು ಅವರು ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಕಡೆ ತಿರುಗಿದರು. ಕಾಂತಿ ಕೂತು ಪುಸ್ತಕ ತೆರೆದಳು.