ಬೇಲಿಯಾಚೆಯ ಚಳಿ

ಬಾಣಂತಿ ಸೊಸೆಗೆ ಮುದ್ದೆ ಕೊಡಲು ಕ್ಯಾತಮ್ಮ ಹಟ್ಟಿಯ ಮುಳ್ಳುಬೇಲಿ ದಾಟಿ ಬಂದಳು. ಹೆತ್ತವಳು ಮೂರು ತಿಂಗಳು ಬೇಲಿಯ ಹೊರಗಿನ ಗುಡ್ಲಲ್ಲೇ ಇರಬೇಕು, ಯಾರೂ ಮುಟ್ಟಬಾರದು ಎಂಬುದು ಆ ಗೊಲ್ಲರ ಹಟ್ಟಿಯ ಕಟ್ಟಳೆ. ಸೊಸೆ ಕೆಂಪಕ್ಕ ಹೆತ್ತು ಒಂಬತ್ತು ದಿನ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಪುಷ್ಯ ಮಾಸ. ಗುಡ್ಲಿನ ಗರಿಗಳ ಸಂದಿಯಲ್ಲೆಲ್ಲ ಚಳಿಗಾಳಿ ನುಗ್ಗುತ್ತಿತ್ತು.

ಕ್ಯಾತಮ್ಮ ದೂರದಿಂದಲೇ ತಟ್ಟೆಗೆ ಮುದ್ದೆ ಹಾಕಿದಳು.

"ಅತ್ತೇ, ಕೂಸಿನ ಕಾಲು ತಣ್ಣಗವೆ. ಹಾಲೂ ಕುಡೀತಿಲ್ಲ," ಎಂದಳು ಕೆಂಪಕ್ಕ.

ಕೊಡಿಗೇನಹಳ್ಳಿಯಿಂದ ನಡೆದು ಬಂದಿದ್ದ ನರ್ಸ್ ಮಹಾಲಕ್ಷ್ಮಮ್ಮ ಕೂಸನ್ನು ಸೆರಗಿನೊಳಗೆ ಅವಚಿಕೊಂಡು ಕೂತಿದ್ದರು. "ಐದು ವರ್ಷದಿಂದ ಬರ್ಕೊಂಡಿದ್ದೀನಿ ಕ್ಯಾತಮ್ಮ. ಈ ಹಟ್ಟಿಯ ಗುಡ್ಲಲ್ಲಿ ಸತ್ತಿದ್ದು ಆರು ಕೂಸು. ಆರೂ ಚಳಿಗಾಲದಲ್ಲೇ. ಇದನ್ನ ಈಗ್ಲೇ ಒಲೆ ಇರೋ ಕಡೆ ಕರ್ಕೊಂಡು ಹೋಗ್ಬೇಕು."

ಕ್ಯಾತಮ್ಮನ ಚೊಚ್ಚಲ ಕೂಸು ಹೋದದ್ದೂ ಇಂಥದೇ ಗುಡ್ಲಲ್ಲಿ, ಇಂಥದೇ ಚಳಿಯ ಬೆಳಗ್ಗೆ. ತಣ್ಣಗಾದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಊಟ ಬರುವ ತನಕ ಒಬ್ಬಳೇ ಕೂತಿದ್ದಳು. ತಾನೇ ಏನೋ ತಪ್ಪು ಮಾಡಿದೆ, ಅದಕ್ಕೇ ದೇವರು ಕಿತ್ತುಕೊಂಡ ಎಂದು ಇಪ್ಪತ್ತಾರು ವರ್ಷ ಯಾರಿಗೂ ಹೇಳದೆ ನವೆದಿದ್ದಳು.

ಮನೆಗೆ ಓಡಿ, ಹಟ್ಟಿಯ ಪೂಜಾರಿಯಾದ ಗಂಡ ಯತ್ತಪ್ಪನನ್ನು, ತಾಯಿ ಕೂಸನ್ನು ಒಳಗೆ ಕರೆತರೋಣವೆಂದು ಕೇಳಿದಳು. ಅವನು ಒಲೆಯ ಮುಂದೆ ಕೂತಿದ್ದ. ಬೆಚ್ಚಗೆ ಕೂತವರಿಗೆ ಕಟ್ಟಳೆ ಹೇಳುವುದು ಸುಲಭ.

"ನಂದೇನು ಕಲ್ಲೆದೆನಾ? ಮೈಲಿಗೆ ಒಳಕ್ಕೆ ಬಂದ್ರೆ ದ್ಯಾವ್ರು ಮುನಿಸ್ಕಂತಾನೆ ಕಣೇ. ನಾಳೆ ಯಾರ ಮನೇಲಿ ಕೇಡಾದ್ರೂ ನನ್ನೇ ಕೇಳ್ತಾರೆ."

"ಕೂಸು ಸತ್ತಿದ್ದೆಲ್ಲ ಚಳೀಲೇ. ಅಂಗಾದ್ರೆ ನಮ್ ದ್ಯಾವ್ರಿಗೆ ಬ್ಯಾಸಿಗೇಲಿ ಯಾಕೆ ಮುನಿಸೇ ಬರಲ್ಲ?"

ಕ್ಯಾತಮ್ಮ ಅವನ ಹೆಗಲ ಕಂಬಳಿ ಎಳೆದುಕೊಂಡು ಹೊರಟಳು. ಗುಡ್ಲೊಳಗೆ ನುಗ್ಗಿ, ನರ್ಸಮ್ಮನ ಕೈಯಿಂದ ಕೂಸನ್ನು ಇಸಿದುಕೊಂಡು ಎದೆಗೊತ್ತಿಕೊಂಡಳು. ಸೊಸೆಯನ್ನೂ ಸೇರಿಸಿ ಕಂಬಳಿ ಹೊದ್ದಳು. ಕೆಂಪಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಒಂಬತ್ತು ದಿನದಿಂದ ಮನೆಯವರ್ಯಾರೂ ಅವಳನ್ನು ಮುಟ್ಟಿರಲಿಲ್ಲ.

ಹಿಂದೆಯೇ ಬಂದ ಯತ್ತಪ್ಪ ಬೇಲಿಯೊಳಗೇ ನಿಂತ. "ಮುಟ್ಬುಟ್ಯಲ್ಲೇ! ಇನ್ನು ನೀನೂ ಒಳಕ್ಕೆ ಬರಂಗಿಲ್ಲ."

"ಬರಲ್ಲ ಬುಡು. ನಮ್ ಮೊದಲ್ನೇ ಕೂಸು ಹೋದಾಗ್ಲೂ ನೀನು ಅಲ್ಲೇ ನಿಂತಿದ್ದೆ. ಇವತ್ತೂ ಅಲ್ಲೇ ನಿಂತ್ಕ."

ಯತ್ತಪ್ಪ ಬೇಲಿಯ ಮುಳ್ಳುಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಬೇಲಿ ದಾಟಿ ಬಂದು, ಗುಡ್ಲಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದ.

"ಕೂಸನ್ನ ಇತ್ಲಾಗೆ ಕೊಡು. ನೀವಿಬ್ರೂ ಬನ್ನಿ. ಒಲೆ ಇನ್ನೂ ಆರಿಲ್ಲ."