ಮೊದಲರ್ಧ ಯಾರು ಹೇಳುವುದು

ಲೋಕದ ಉಳಿದ ಕಡೆ ಏನೇನು ನಡೆದಿತ್ತೋ, ಆ ಅಕ್ಟೋಬರ್‌ನಲ್ಲಿ ಕೊಟ್ಟಾರದ ಇಗರ್ಜಿಯ ಒಂದು ವಾರ್ಡಿನ ಮುಂದೆ ಬಂದು ನಿಂತ ಪ್ರಶ್ನೆ ಮಾತ್ರ ಧರ್ಮಸಭೆಯ ಚರಿತ್ರೆಯಲ್ಲಿ ಸೇರಬೇಕಾದದ್ದು: ಕಟ್ಲೆಟ್ ತಣ್ಣಗಾಗದಂತೆ ತಡೆಯುವುದು ಹೇಗೆ?

ಅಕ್ಟೋಬರ್ ಜಪಮಾಲೆಯ ತಿಂಗಳು. ಮರಿಯಮ್ಮನವರ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ವಾರ್ಡಿನವರೆಲ್ಲ ಆ ಮನೆಯಲ್ಲಿ ಸೇರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಒಬ್ಬರು ‘ನಮಾನ್ ಮರಿಯೆ’ ಎಂದು ಮೊದಲರ್ಧ ಹೇಳಿದರೆ ಉಳಿದವರು ‘ಸಾಂತಾ ಮರಿಯೆ’ ಎಂದು ಉತ್ತರ ಕೊಟ್ಟು ಮುಗಿಸಬೇಕು. ಹತ್ತು ಮಣಿಗೆ ಒಂದು ಸುತ್ತು, ಅಂಥವು ಐದು. ಆಮೇಲೆ ತಿಂಡಿ. ಮೊದಮೊದಲು ಚಹಾ, ಬಿಸ್ಕತ್ತು ಇದ್ದದ್ದು. ಒಂದು ವರ್ಷ ಯಾರೋ ಪತ್ರೊಡೆ ಮಾಡಿದರು; ಮರುದಿನದ ಮನೆಯವರಿಗೆ ಅದು ಮಾನದ ಪ್ರಶ್ನೆಯಾಯಿತು. ಮಾನ ಹೀಗೆ ಮನೆಯಿಂದ ಮನೆಗೆ ಏರುತ್ತ ಹೋಗಿ ಕಟ್ಲೆಟ್‌ಗೆ ಮುಟ್ಟಿತು. ವಾರ್ಡಿನಲ್ಲಿ ವರ್ಷಗಳಿಂದ ಮೊದಲರ್ಧ ಹೇಳುತ್ತ ಬಂದವರು ಅಪೊಲೋನಿಯಾಬಾಯಿ, ಎಲ್ಲರಿಗೂ ಬರೀ ‘ಬಾಯಿ’. ಅವರು ಹೇಳಿಸುವ ತೇರ್ಸ್ ಮುಕ್ಕಾಲು ಗಂಟೆ. ಕಟ್ಲೆಟ್ ಅಷ್ಟು ಕಾಯುವುದಿಲ್ಲ.

ಪರಿಹಾರ ತಂದವರು ವಾರ್ಡಿನ ಗುರ್ಕಾರ, ಅಂದರೆ ಮುಖಂಡ, ವಿಲ್ಲಿಯಾಬ್. ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಯಂತ್ರದಿಂದ ಎತ್ತಲಾಗದ ಭಾರ ಲೋಕದಲ್ಲಿಲ್ಲ ಎಂದು ನಂಬಿದವರು. ಒಂದು ಸಂಜೆ ಪ್ರತಿಮೆಯ ಪಕ್ಕದಲ್ಲಿ ಕರಿಯ ಸ್ಪೀಕರೊಂದನ್ನು ಇಟ್ಟು ಫೋನು ಒತ್ತಿದರು. ಕೀಬೋರ್ಡಿನ ನಾದ ಹೊಮ್ಮಿತು. ಜೇನು ಸವರಿದಂಥ ಹೆಣ್ಣು ಸ್ವರವೊಂದು ಮೊದಲರ್ಧ ಹೇಳಿತು. ಜನ ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರೊಳಗಿನ ಗಾಯಕವೃಂದವೇ ಉತ್ತರವನ್ನೂ ಹೇಳಿಬಿಟ್ಟಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು ಕಟ್ಲೆಟ್ ಹೊಗೆಯಾಡುತ್ತ ಬಂತು.

“ಹೇಗುಂಟು ಬಾಯಿ? ಉಚ್ಚಾರ ಎಷ್ಟು ಕ್ಲಿಯರ್!” ಎಂದರು ವಿಲ್ಲಿಯಾಬ್.

“ಕ್ಲಿಯರ್ ಉಂಟು. ಪ್ರಾರ್ಥನೆ ಮಾಡಿದ್ದು ಯಾರು?”

“ನಾವೇ ಅಲ್ವಾ?”

ಬಾಯಿ ಆ ಮಾತನ್ನು ಪರೀಕ್ಷೆಗೆ ಒಡ್ಡಿದರು. ಮರುದಿನ ತುಟಿ ಬಿಗಿಹಿಡಿದು ಕೂತು ಸುತ್ತ ನೋಡಿದರು. ಒಬ್ಬಳು ಸೀರೆಯ ನೆರಿಗೆ ಸರಿಪಡಿಸುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸಕ್ಕಿರುವ ಶೆರ್ವಿನ್ ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗಿದ್ದ. ಆಮೇಲೆ ಗೊರಕೆ ಕೇಳಿತು. ಇಡೀ ಕೋಣೆಯಲ್ಲಿ ಒಂದೇ ಒಂದು ತುಟಿಯೂ ಅಲುಗಲಿಲ್ಲ, ಆದರೂ ತೇರ್ಸ್ ಸಾಂಗವಾಗಿ ಮುಗಿಯಿತು. ಬಾಯಿ ಕಟ್ಲೆಟ್ ಮುಟ್ಟದೆ ಮನೆಗೆ ಹೋದರು. ದೇವರಿಗೆ ಬೇಸರವಾದೀತೆಂದಲ್ಲ, ದೇವರಿಗೆ ಗೊತ್ತೂ ಆಗಲಿಕ್ಕಿಲ್ಲ, ಸಂಗೀತ ಚೆನ್ನಾಗಿತ್ತು. ಈ ಮನೆಗಳಲ್ಲಿ ಪ್ರಾರ್ಥನೆಯೇ ನಿಂತುಹೋಗುತ್ತಿದೆ, ನಿಂತದ್ದು ಯಾರಿಗೂ ತಿಳಿಯುತ್ತಲೂ ಇಲ್ಲ, ಎಂಬುದು ಅವರ ಸಂಕಟ. ಇದನ್ನು ಬಿಡಲಿಕ್ಕಿಲ್ಲ ಎಂದು ನಿಶ್ಚಯಿಸಿದರು.

ಬೆಳಿಗ್ಗೆ ಕಂಪೌಂಡ್ ಗೋಡೆಯಾಚೆ ಬಂಗುಡೆ ತೊಳೆಯುತ್ತಿದ್ದ ನೆರೆಮನೆಯ ಕುಮುದಿನಿಯ ಹತ್ತಿರ ದುಃಖ ತೋಡಿಕೊಂಡರು.

“ನೀನೇ ಹೇಳು ಕುಮುದಿನಿ, ಮೊನ್ನೆ ನಿಮ್ಮ ಮನೆಗೂ ಕೇಳಿರಬೇಕಲ್ಲ, ಅದು ಪ್ರಾರ್ಥನೆಯಾ?”

“ಕೇಳಿತು ಬಾಯಮ್ಮ, ಲಾಯ್ಕುಂಟು,” ಎಂದಳು ಕುಮುದಿನಿ, ಮೀನಿನ ಕಿವಿರು ಕೀಳುತ್ತ. “ಆದ್ರೆ ಬೇಜಾರು ಮಾಡ್ಬೇಡಿ, ಮುಂಚೆಯೂ ನಮಗೆ ಕೇಳ್ತಿದ್ದದ್ದು ನಿಮ್ಮ ಒಬ್ಬರದ್ದೇ ಸ್ವರ. ಉಳಿದವರದ್ದು ಗುಂಯ್ ಗುಂಯ್. ಈಗ ಮ್ಯೂಸಿಕ್ ಸೇರಿದೆ, ಅಷ್ಟೇ.”

ಬಾಯಿ ಒಳಗೆ ಬಂದು ಕೂತರು. ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಕುಮುದಿನಿಯ ಮಾತು ಮಾತ್ರ ಉಳಿಯಿತು. ಇಷ್ಟು ವರ್ಷ ಮೊದಲರ್ಧವನ್ನು ಇನ್ನೊಬ್ಬರ ಕೈಗೆ ಒಮ್ಮೆಯಾದರೂ ಬಿಟ್ಟಿದ್ದುಂಟೇ? ಸ್ಪೀಕರನ್ನು ಹೊರಗೆ ಹಾಕಿ ತಾವು ಆ ಜಾಗದಲ್ಲಿ ಕೂತರೆ ಎಂತ ಬದಲಾದ ಹಾಗಾಯಿತು?

ಮುಂದಿನ ವಾರ ಪ್ರತಿಮೆ ಬಾಯಿಯ ಮನೆಗೆ ಬಂತು. ಹಿಂದೆಯೇ ಸ್ಪೀಕರ್ ಹಿಡಿದ ವಿಲ್ಲಿಯಾಬ್. ಬಾಯಿ ಹೊಸ್ತಿಲಲ್ಲೇ ಅಡ್ಡ ನಿಂತರು.

“ಇದು ನನ್ನ ಮನೆ. ಅದು ಜಗಲಿಯಲ್ಲಿ ಕೂತುಕೊಳ್ಳಲಿ.”

“ಸರಿ ಮಾರಾಯ್ತಿ, ನೀವೇ ಹೇಳಿಸಿ. ಎಂಟೂವರೆಗೆ ಮುಗಿಸಿದರೆ ಸಾಕು.”

“ನಾನು ಹೇಳಿಸುವುದಿಲ್ಲ. ಒಂದೊಂದು ಸುತ್ತಿಗೆ ಒಬ್ಬೊಬ್ಬರು. ಮೊದಲನೆಯದು ಗುರ್ಕಾರರದ್ದು.”

ವಿಲ್ಲಿಯಾಬ್ ನಕ್ಕರು. ಮೊಣಕಾಲೂರಿ, ಗಂಟಲು ಸರಿಮಾಡಿ, ಮಣಿ ಹಿಡಿದು ಗಟ್ಟಿಯಾಗಿ ಶುರುಮಾಡಿದರು: “ಸಾಂತಾ ಮರಿಯೆ—”

ಕೋಣೆ ಗೊಳ್ಳೆಂದಿತು. “ಗುರ್ಕಾರ್ರೇ, ರಿವರ್ಸ್ ಗೇರ್!” ಎಂದ ಶೆರ್ವಿನ್. ವಿಲ್ಲಿಯಾಬ್ ತಾವೂ ನಕ್ಕು ಮತ್ತೆ ಹಿಡಿದರು. ಮತ್ತೆ ಉತ್ತರಾರ್ಧವೇ ಬಂತು. ಮೂರನೆಯ ಸಲ ಏನೂ ಬರಲಿಲ್ಲ. ಬೋಳುತಲೆಯ ಮೇಲೆ ಬೆವರು ಮೂಡಿತು. ಹೇಳಿಕೊಡುವ ಮಾತು ಬಾಯಿಯವರ ನಾಲಗೆಯ ತುದಿಯವರೆಗೆ ಬಂತು. ಹಲ್ಲು ಕಚ್ಚಿ ಹಿಡಿದರು.

“ಮೊದಲರ್ಧ ಫ್ಲೊಸ್ಸಿ ಹೇಳುವುದು,” ಎಂದರು ವಿಲ್ಲಿಯಾಬ್, ಯಾರನ್ನೂ ನೋಡದೆ. ಫ್ಲೊಸ್ಸಿ ಅವರ ಹೆಂಡತಿ, ತೀರಿಹೋಗಿ ಎರಡು ವರ್ಷ. “ಅದಕ್ಕಿಂತ ಮುಂಚೆ ನನ್ನ ಹೆತ್ತ ಮಾಯ್. ನನ್ನದು ಯಾವಾಗಲೂ ಉತ್ತರ. ಅವಳು ಹೋದ ಮೇಲೆ ಮನೆಯಲ್ಲಿ... ನಾನು ಉತ್ತರ ಕೊಡಲಿಕ್ಕೆ ಮೊದಲರ್ಧ ಶುರುಮಾಡುವವರೇ ಇಲ್ಲ. ಅದಕ್ಕೇ ಆ ಡಬ್ಬ ತಂದದ್ದು. ಕಟ್ಲೆಟ್ಟಿಗೆ ಅಲ್ಲ.”

ನಗು ಎಲ್ಲಿ ಹೋಯಿತೋ.

ಬಾಯಿಗೆ ಕರುಣೆ ಬಂದಿತ್ತು, ಆದರೆ ಕರುಣೆಗೆ ಸೋತು ಸ್ಪೀಕರನ್ನು ಒಳಗೆ ಕರೆಯುವ ಜಾತಿಯ ಹೆಂಗಸಲ್ಲ ಅವರು.

“ಹಾಗಾದ್ರೆ ನಿಮಗೆ ಬರುವುದನ್ನು ಹೇಳಿ ವಿಲ್ಲಿಯಾಬ್. ಮೊದಲರ್ಧ ನಾವೆಲ್ಲ ಹೇಳ್ತೇವೆ.”

“ಅದು ಉಲ್ಟಾ ಆಗ್ತದಲ್ಲ ಬಾಯಿ? ಫಾದರ್ ಎಂತ ಹೇಳ್ತಾರೆ?”

“ಫಾದರ್ ಇಲ್ಲಿಲ್ಲ. ಮಾತೆ ಇದ್ದಾರೆ. ಅವರಿಗೆ ಎರಡೂ ಅರ್ಧ ಗೊತ್ತುಂಟು.”

ಹಾಗೆ ಆ ಸುತ್ತು ತಲೆಕೆಳಗಾಗಿ ನಡೆಯಿತು. ಇಡೀ ಕೋಣೆ ಮೊದಲರ್ಧ ಹೇಳಿತು. ವಿಲ್ಲಿಯಾಬ್ ಒಬ್ಬರೇ, ದಪ್ಪ ಸ್ವರದಲ್ಲಿ, ಉತ್ತರ ಕೊಟ್ಟರು. ಅವರು ಉತ್ತರ ಕೊಡಬೇಕಾದರೆ ಎಲ್ಲರೂ ಬಾಯಿ ಬಿಡಲೇಬೇಕಿತ್ತು, ಬಿಟ್ಟರು. ಗುಂಯ್ ಗುಂಯ್ ಅಲ್ಲ, ಮಾತುಗಳು. ಎರಡನೆಯ ಸುತ್ತು ಶೆರ್ವಿನ್‌ನದು. ಹತ್ತರ ಬದಲು ಹನ್ನೆರಡು ಮಣಿ ಹೇಳಿದ, ಯಾರೂ ತಡೆಯಲಿಲ್ಲ. ನಾಲ್ಕನೆಯದಕ್ಕೆ ಬರುವಾಗ ಒಂಬತ್ತು ಹೊಡೆಯಿತು. ಇಬ್ಬರು ಗಡಿಯಾರ ನೋಡಿ ಎದ್ದು ಹೋದರು. ಬಾಯಿ ಹಿಂದೆ ತಿರುಗಲಿಲ್ಲ.

ಮುಗಿದ ಮೇಲೆ ವಿಲ್ಲಿಯಾಬ್ ಕೇಳಿದರು, “ನಾಳೆ ನಮ್ಮ ಮನೆಯಲ್ಲಿ. ನನ್ನ ಸುತ್ತು ಹೀಗೇ ಉಲ್ಟಾ ಇರಲಾ?”

“ನಾಳೆ ಒಂದು ದಿನ ಇರಲಿ. ನಾಡಿದ್ದಿಗೆ ಮೊದಲರ್ಧ ಕಲಿತು ಬನ್ನಿ.”

ತಿಂಗಳ ಉಳಿದ ದಿನಗಳಲ್ಲಿ ತೇರ್ಸನ್ನು ಜನರೇ ಸರದಿಯಂತೆ ಹೇಳಿದರು. ತೇರ್ಸ್ ಉದ್ದವಾಯಿತೆಂದು ಮೂರು ಮನೆಯವರು ಬರುವುದನ್ನು ಬಿಟ್ಟರು.