ಉಜ್ಜಿ ತೆಗೆದ ಬೂದು ಮೇಣ

ವಾಹನಗಳ ವಿಷಯ ಬಲ್ಲವರು ಅಷ್ಟೊಂದು ಜನ ಇರುವಾಗ ಈ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕಪ್ಪ ಓಡಿಸುವ ಶಾಲಾ ಬಸ್ಸು ಮೂರನೇ ಸಲ ನಡುರಸ್ತೆಯಲ್ಲಿ ನಿಂತ ದಿನ ಚೊಕ್ಕಮ್ಮ ಊಟಕ್ಕೂ ಏಳಲಿಲ್ಲ. ಅದು ಮೊದಲ ಸಲ ನಿಂತಾಗ, ಇಂಜಿನ್ನನ್ನು ಅಂಕೆಯಲ್ಲಿಡುವ ಪುಟ್ಟ ಕಂಟ್ರೋಲ್ ಪೆಟ್ಟಿಗೆಯನ್ನು ರಿಪೇರಿ ಮಾಡಿದ್ದವಳು ಅವಳೇ. ಸಂಜೆ ತರಗತಿಗೆ ಹೋಗಿ ಕಲಿತು, ವರ್ಕ್‌ಶಾಪ್ ಸೇರಿ ಆರು ತಿಂಗಳಾಗಿತ್ತು. ಯಾವ ಸರ್ಕ್ಯೂಟ್ ಬೋರ್ಡು ಕೈಗೆ ಬಂದರೂ ತಟ್ಟೆ ತೊಳೆದ ಹಾಗೆ ಉಜ್ಜಿ ಫಳಫಳ ಮಾಡುತ್ತಿದ್ದಳು. ಚೊಕ್ಕಮ್ಮ ಎಂಬ ಹೆಸರು ಅಂಟಿಕೊಂಡಿದ್ದೇ ಹಾಗೆ.

“ಇನ್ನೊಂದು ಸಲ ನಿಂತರೆ ಬಸ್ಸು ಗುಜರಿಗೆ, ನಾನು ಮನೆಗೆ ಅಂದಿದ್ದಾರಮ್ಮ ಶಾಲೆಯವರು,” ಎಂದ ಚಿಕ್ಕಪ್ಪ. “ಇಡೀ ದಿನ ನಿನ್ನ ಚಿಕ್ಕಮ್ಮನ ಕಣ್ಣೆದುರು ಕೂತಿರೋದಕ್ಕಿಂತ ನಾನೂ ಗುಜರಿಗೇ ಹೋಗ್ತೀನಿ.”

ಟೇಬಲ್ಲಿನ ಮೇಲೆ ಮುಚ್ಚಳ ತೆಗೆದು ಬ್ಯಾಟರಿ ಕೊಟ್ಟರೆ ಪೆಟ್ಟಿಗೆ ಗಂಟೆಗಟ್ಟಲೆ ಓಡುತ್ತಿತ್ತು. ಬಸ್ಸಿಗೆ ಹಾಕಿದರೆ ಸುಡುಬಿಸಿಲಿನಲ್ಲಿ ಮುಷ್ಕರ.

“ಇಲ್ಲಿ ಸಾಧು, ಅಲ್ಲಿ ರಾಕ್ಷಸ,” ಎಂದು ವರ್ಕ್‌ಶಾಪಿನ ಮೇಸ್ತ್ರಿ ತಲೆ ಕೆರೆದುಕೊಂಡ.

ಅಷ್ಟರಲ್ಲಿ ಕರೆಂಟು ಹೋಯಿತು. ಬೆಸುಗೆಯ ಹೊಗೆ ಓಡಿಸಲು ಟೇಬಲ್ಲಿನ ಮೇಲೆ ಸದಾ ತಿರುಗುವ ಫ್ಯಾನು ನಿಂತಿತು. ತಗಡಿನ ಮಾಡಿನ ಕೆಳಗೆ ಎಲ್ಲರೂ ಬೆವೆತರು. ಹತ್ತು ನಿಮಿಷಕ್ಕೆ ಪೆಟ್ಟಿಗೆಯ ಹಸಿರು ದೀಪವೂ ಆರಿತು.

ಚೊಕ್ಕಮ್ಮ ಪೆಟ್ಟಿಗೆಯೊಳಗಿನ ಚಿಪ್ ಮುಟ್ಟಿದಳು. ಬೆರಳು ಚುರ್ರೆಂದಿತು. ಪಕ್ಕದಲ್ಲಿದ್ದ ಅಲ್ಯೂಮಿನಿಯಂ ಮುಚ್ಚಳ ಎತ್ತಿದಳು. ಚಿಪ್ಪಿನ ಮೇಲೆ ಕೂರುವ ಜಾಗ ಕನ್ನಡಿಯಂತೆ ಹೊಳೆಯಿತು. ಮೊದಲ ರಿಪೇರಿಯ ದಿನ ಅಲ್ಲಿ ಬೂದು ಮೇಣದಂಥದ್ದೇನೋ ಮೆತ್ತಿಕೊಂಡಿತ್ತು. ಕೊಳೆ ಎಂದುಕೊಂಡು ತಾನೇ ಉಜ್ಜಿ ತೆಗೆದಿದ್ದಳು! ಚಿಪ್ಪಿನ ಬಿಸಿಯನ್ನು ಮುಚ್ಚಳಕ್ಕೆ ದಾಟಿಸಬೇಕಿದ್ದದ್ದೇ ಆ ಮೇಣ.

ಸುಮ್ಮನೆ ಹಚ್ಚಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ, “ಮೇಸ್ತ್ರಿ, ತಪ್ಪು ನಂದೇ,” ಎಂದು ಎಲ್ಲವನ್ನೂ ಹೇಳಿದಳು.

ಮೇಸ್ತ್ರಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ನೀನು ಅದರ ಅಂಗಿ ಬಿಚ್ಚಿದೆ. ನಾನು ತೊಟ್ಟಿಲ ಮಗುಗೆ ಬೀಸೋ ಹಾಗೆ ಫ್ಯಾನಿನ ಗಾಳಿ ಬೀಸಿ, ಆರೋಗ್ಯವಾಗಿದೆ ಅಂತ ಕಳಿಸ್ದೆ. ಇಬ್ಬರೂ ಸರಿಯಾಗಿದ್ದೀವಿ ಬಿಡು!”

ಹೊಸ ಮೇಣ ಹಚ್ಚಿ, ಮುಚ್ಚಳ ಬಿಗಿದು, ಮರುದಿನ ನಡುಮಧ್ಯಾಹ್ನ ಬಸ್ಸನ್ನು ಬಿಸಿಲಿಗೆ ನಿಲ್ಲಿಸಿದರು. ಕಿಟಕಿಗಳೆಲ್ಲ ಬಂದ್, ಇಂಜಿನ್ ಚಾಲೂ.

“ಪೆಟ್ಟಿಗೆಗಿಂತ ಮೊದಲು ನಾವೇ ಬೇಯ್ತೀವಿ,” ಎಂದು ಚಿಕ್ಕಪ್ಪ ಗೊಣಗಿದ.

ಒಂದು ಗಂಟೆ ಕಳೆಯಿತು. ಚೊಕ್ಕಮ್ಮ ಬಗ್ಗಿ ಪೆಟ್ಟಿಗೆ ಮುಟ್ಟಿದವಳೇ ಕಿರುಚಿದಳು: “ಚಿಕ್ಕಪ್ಪಾ, ಮುಚ್ಚಳ ಸುಡ್ತಾ ಇದೆ!”

“ಅಯ್ಯೋ, ಬೆಂಕಿನಾ?”

“ಅಲ್ಲ, ಬಿಸಿ ಹೊರಗೆ ಬರ್ತಾ ಇದೆ!”

ಎರಡು ಗಂಟೆ ಕಳೆದರೂ ಇಂಜಿನ್ ನಿಲ್ಲಲಿಲ್ಲ. ಚಿಕ್ಕಪ್ಪ ಹಾರ್ನ್ ಒತ್ತಿದ್ದೇ ಒತ್ತಿದ್ದು. ಮೇಸ್ತ್ರಿ ಕಿವಿ ಮುಚ್ಚಿಕೊಂಡೇ ಕುಣಿದ.

ಆ ಬೇಸಿಗೆಯಿಡೀ ಬಸ್ಸು ನಿಲ್ಲಲಿಲ್ಲ, ಚಿಕ್ಕಪ್ಪನ ಕೆಲಸವೂ ಹೋಗಲಿಲ್ಲ. ಆದರೆ ಅವಳು ಮೇಣ ಉಜ್ಜಿದ್ದು ಬಸ್ಸು ಒಮ್ಮೆ ನಿಂತ ಮೇಲೆ ತಾನೆ? ಹಾಗಾದರೆ ಮೊಟ್ಟಮೊದಲ ಸಲ ಅದು ನಿಂತಿದ್ದು ಯಾಕೆ? ಚೊಕ್ಕಮ್ಮ ಈಗಲೂ ಒಮ್ಮೊಮ್ಮೆ ಕೇಳಿಕೊಳ್ಳುತ್ತಾಳೆ. ಗೊತ್ತಿಲ್ಲ.